ಹೊಟ್ಟೆಯೊಳಗಿನ ಪ್ರತಿಧ್ವನಿ

ಗೋಳಗುಮ್ಮಟ ನೋಡಲು ಶಾಲಾ ಮಕ್ಕಳ ಪ್ರವಾಸದ ಬಸ್ಸು ಬಂದಿತೆಂದರೆ ಅಲ್ಲಿ ಮೌನಕ್ಕೆ ಜಾಗವಿಲ್ಲ. ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ, ಏದುಸಿರು ಬಿಡುತ್ತ ಮೇಲಿನ ಮೊಗಸಾಲೆಗೆ ಕಾಲಿಟ್ಟ ಮಕ್ಕಳು ಮೊದಲು ಮಾಡುವ ಕೆಲಸ ಕೂಗುವುದು. ಒಬ್ಬ ತನ್ನ ಹೆಸರನ್ನೇ ಕೂಗುತ್ತಾನೆ. ಒಬ್ಬಳು ಚಪ್ಪಾಳೆ ತಟ್ಟುತ್ತಾಳೆ. ಇನ್ನೊಬ್ಬ ಗೋಡೆಗೆ ಬಾಯಿ ಹಚ್ಚಿ ಎದುರು ಬದಿಗೆ ನಿಂತ ಗೆಳೆಯನಿಗೆ ಗುಟ್ಟು ಹೇಳುತ್ತಾನೆ. 1656ರಲ್ಲಿ ಪೂರ್ಣಗೊಂಡ ಈ ಗುಮ್ಮಟ ಎಲ್ಲರ ಮಾತನ್ನೂ ಹಾಗೆಯೇ ಹಿಂದಿರುಗಿಸುತ್ತದೆ. ಕೂಗಿದ್ದನ್ನು ಬಿಟ್ಟು ಬೇರೆ ಒಂದಕ್ಷರವನ್ನೂ ತನ್ನ ಕಡೆಯಿಂದ ಸೇರಿಸುವುದಿಲ್ಲ.

ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಈ ಕಡೆ ತಟ್ಟಿದ ಚಪ್ಪಾಳೆ ಎದುರಿನ ಗೋಡೆಗೆ ಬಡಿದು ಮರಳಲು ಕಾಲು ಸೆಕೆಂಡಿಗಿಂತಲೂ ತುಸು ಕಡಿಮೆ ಹೊತ್ತು ಸಾಕು. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ತಡೆ ಕನಿಷ್ಠ 17 ಮೀಟರ್ ದೂರದಲ್ಲಿರಬೇಕು ಎಂದು ಭೌತಶಾಸ್ತ್ರದ ಪಾಠದಲ್ಲಿ ಓದಿದ ಮಕ್ಕಳಿಗೆ ಈ ಲೆಕ್ಕ ಹೊಸದಲ್ಲ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿದರೆ ಒಂದು ಹೊಸ ಸಂಗತಿ ಹೊಳೆಯುತ್ತದೆ. ದೂರ ಗೊತ್ತಿದ್ದರೆ ಸಮಯ ತಿಳಿಯುವಂತೆ, ಸಮಯ ಗೊತ್ತಿದ್ದರೆ ದೂರವೂ ತಿಳಿಯಬೇಕಲ್ಲವೇ? ಕತ್ತಲಲ್ಲಿ ನಿಂತು ಕೂಗಿ, ದನಿ ಮರಳಿದ ಹೊತ್ತನ್ನು ಎಣಿಸಿ, ಗೋಡೆ ಎಷ್ಟು ದೂರವಿದೆ ಎಂದು ಹೇಳಬಹುದು. ಕಣ್ಣಿಲ್ಲದೆ ನೋಡುವ ವಿದ್ಯೆ ಇದು.

ಈ ವಿದ್ಯೆ ಬಾವಲಿಗೆ ಹುಟ್ಟಿನಿಂದಲೇ ಬಂದದ್ದು. ಕಣ್ಣು ಮುಚ್ಚಿದರೂ ಬಾವಲಿ ಅಡೆತಡೆಗೆ ಬಡಿಯದೆ ಹಾರುತ್ತದೆ, ಕಿವಿ ಮುಚ್ಚಿದರೆ ಮಾತ್ರ ದಿಕ್ಕೆಡುತ್ತದೆ ಎಂಬುದನ್ನು 1790ರ ದಶಕದಲ್ಲಿ ಇಟಲಿಯ ಸ್ಪಲ್ಲಾಂಜಾನಿ ಎಂಬ ವಿಜ್ಞಾನಿ ಗಮನಿಸಿದ್ದ. ಕಾರಣ ತಿಳಿಯಲು ಮುಂದೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳ ಧ್ವನಿ ಮಾತ್ರ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಬಾವಲಿ ಕೂಗುವುದು ಆ ದನಿಯಲ್ಲಿ. 1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದ ಮೇಲೆ, ನೀರಿನೊಳಗಿನ ಅಡ್ಡಿಯನ್ನು ಪ್ರತಿಧ್ವನಿಯಿಂದ ಪತ್ತೆ ಹಚ್ಚುವ ಯೋಚನೆಗೆ ಬಲ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಸ್ಫಟಿಕಗಳನ್ನು ಕಂಪಿಸಿ ಸಮುದ್ರದೊಳಗೆ ಇಂಥ ಧ್ವನಿಯನ್ನು ಕಳಿಸಿದ. ಜಲಾಂತರ್ಗಾಮಿಗಳನ್ನು ಹುಡುಕುವುದು ಅವನ ಉದ್ದೇಶವಾಗಿತ್ತು. ಅದೇ ವಿದ್ಯೆ ಕಾಲಕ್ರಮದಲ್ಲಿ ಆಸ್ಪತ್ರೆಯ ಬಾಗಿಲು ತಟ್ಟಿತು. ಇಂದು ಊರೂರಿನ ಜನ ‘ಸ್ಕ್ಯಾನಿಂಗ್’ ಎಂದು ಕರೆಯುವುದು ಇದನ್ನೇ.

ಗುಮ್ಮಟದ ಊರಿನಲ್ಲಿ ಈಗ ಸ್ಕ್ಯಾನಿಂಗ್ ಎಂಬ ಫಲಕಗಳಿಗೇನೂ ಕೊರತೆಯಿಲ್ಲ. 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಆರಂಭವಾಗಿ, ಜಿಲ್ಲಾ ಆಸ್ಪತ್ರೆಯ ಜೊತೆಗೆ ಖಾಸಗಿ ದವಾಖಾನೆಗಳೂ ಬೆಳೆದು, ಸುತ್ತಲ ಹಳ್ಳಿಗಳ ಜನಕ್ಕೆ ವಿಜಯಪುರವೇ ದೊಡ್ಡ ದವಾಖಾನೆಯ ಊರಾಗಿದೆ. ಅಥಣಿ ರಸ್ತೆಯ ತಿಕೋಟಾದಿಂದ, ಜಮಖಂಡಿ ರಸ್ತೆಯ ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಬರುವವರಲ್ಲಿ ಕಾಲೇಜು ಹುಡುಗರು, ಒಣದ್ರಾಕ್ಷಿಯ ವ್ಯಾಪಾರದವರು, ಕಚೇರಿ ಕೆಲಸದವರು ಇರುವಂತೆ ಕೈಯಲ್ಲಿ ಫೈಲು ಹಿಡಿದ ರೋಗಿಗಳೂ ಇರುತ್ತಾರೆ. “ಸ್ಕ್ಯಾನ್ ಮಾಡಿಸಿದ್ರ ಎಲ್ಲಾ ತಿಳೀತೈತಿ” ಎಂಬುದು ಬಸ್ಸಿನೊಳಗಿನ ನಂಬಿಕೆ. ಅಷ್ಟು ಸರಳವಾಗಿಲ್ಲ ಸಂಗತಿ. ಗುಮ್ಮಟದಂತೆ ಈ ಯಂತ್ರವೂ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆದ್ದರಿಂದ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂದು ತಿಳಿದಿರುವುದು ಯಂತ್ರದಷ್ಟೇ ಮುಖ್ಯ. ತಿಕೋಟಾ ಕಡೆಯ ಒಂದು ಮನೆಯವರು ಇದನ್ನು ಕಲಿತದ್ದು ಒಂದೇ ಬಸಿರಿನ ಕಾಲದಲ್ಲಿ.

ದ್ರಾಕ್ಷಿ ತೋಟದ ಮನೆ ಅದು. ಮಗ ತೋಟ ನೋಡಿಕೊಳ್ಳುತ್ತಾನೆ. ಮಗಳು ವಿಜಯಪುರದಲ್ಲಿ ಪಿಯುಸಿ ಎರಡನೆಯ ವರ್ಷದ ವಿಜ್ಞಾನ ಓದುತ್ತಿದ್ದಳು. ಸೊಸೆಯ ತವರು ಬಬಲೇಶ್ವರದ ಹತ್ತಿರದ ಹಳ್ಳಿ. ಮೊದಲ ಬಸಿರು. ಮುಟ್ಟು ನಿಂತ ದಿನ ಯಾವುದೆಂದು ಆಶಾ ಕಾರ್ಯಕರ್ತೆ ಕೇಳಿದಾಗ ಆಕೆ ತಾರೀಖು ಹೇಳಲಿಲ್ಲ. “ಪಂಚಮಿ ಹಬ್ಬದ ಹಿಂದ ಮುಂದ ಇರಬೇಕ್ರಿ” ಅಂದಳು. ಹಳ್ಳಿಯಲ್ಲಿ ತಿಂಗಳು ನಡೆಯುವುದು ಹಬ್ಬ ಹುಣ್ಣಿಮೆಗಳ ಮೇಲೆ. ಆದರೆ ಹೆರಿಗೆಯ ದಿನ ಗೊತ್ತು ಮಾಡಲು ಅಂದಾಜು ಸಾಲದು. ಮೊದಲ ಮೂರು ತಿಂಗಳೊಳಗೆ ಮಾಡುವ ಸ್ಕ್ಯಾನಿಂಗಿನಲ್ಲಿ ಭ್ರೂಣದ ನೆತ್ತಿಯಿಂದ ಕುಂಡೆಯವರೆಗಿನ ಉದ್ದ ಅಳೆದು ದಿನ ಲೆಕ್ಕ ಹಾಕಿದರೆ ಕೆಲವೇ ದಿನಗಳ ಹೆಚ್ಚುಕಡಿಮೆ ಬರುತ್ತದೆ. ಬಸಿರು ಬೆಳೆದಷ್ಟೂ ಈ ಅಳತೆಯ ನಿಖರತೆ ಕಡಿಮೆಯಾಗುತ್ತದೆ. ಏಕೆಂದರೆ ಮುಂದೆ ಒಂದೊಂದು ಕೂಸು ಒಂದೊಂದು ಬಗೆಯಲ್ಲಿ ಬೆಳೆಯುತ್ತದೆ. ಈ ಮೊದಲ ಸ್ಕ್ಯಾನಿಂಗ್ ಮುಗಿಸಿಕೊಂಡ ಸೊಸೆ, ಐದು ತಿಂಗಳಿಗೆ ಎರಡನೆಯದಕ್ಕೆ ಹೊರಟಾಗ ಅತ್ತೆ ಮತ್ತು ನಾದಿನಿ ಜೊತೆಗೆ ಬಂದರು.

ಸರದಿ ಬರುವವರೆಗೆ ಪಡಸಾಲೆಯಲ್ಲಿ ಕುಳಿತಾಗ ನಾದಿನಿಗೆ ಒಂದು ವಿಚಿತ್ರ ಕಂಡಿತು. ಪಕ್ಕದಲ್ಲಿದ್ದ ಒಬ್ಬ ಮುದುಕನಿಗೆ ಬೆಳಗಿನಿಂದ ಏನೂ ತಿನ್ನಬೇಡ ಎಂದು ಹೇಳಿದ್ದರಂತೆ. ಇನ್ನೊಬ್ಬ ಹೆಣ್ಣುಮಗಳಿಗೆ ಬಾಟಲಿಗಟ್ಟಲೆ ನೀರು ಕುಡಿದು ಕುಳಿತುಕೊಳ್ಳಲು ಹೇಳಿದ್ದರು. ಒಂದೇ ಯಂತ್ರಕ್ಕೆ ಒಬ್ಬರು ಉಪವಾಸ, ಒಬ್ಬರು ನೀರು ಏಕೆ? ಉತ್ತರ ಅವಳ ಪುಸ್ತಕದಲ್ಲೇ ಇತ್ತು. ಧ್ವನಿಗೆ ನೀರು ಒಳ್ಳೆಯ ದಾರಿ, ಗಾಳಿ ಕೆಟ್ಟ ದಾರಿ. ಮೃದು ಅಂಗಾಂಶದಿಂದ ಹೊರಟು ಗಾಳಿಗೆ ತಾಗಿದ ಶ್ರವಣಾತೀತ ಧ್ವನಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಅಲ್ಲಿಂದಲೇ ಮರಳಿಬಿಡುತ್ತದೆ. ಆಚೆಗೆ ಏನಿದೆ ಎಂದು ಕಾಣುವುದಿಲ್ಲ. ಗಾಳಿ ತುಂಬಿದ ಕರುಳು ಅಡ್ಡ ಬಂದರೆ ಹಿಂದಿನದು ಮರೆಯಾಗುತ್ತದೆ. ಮೂತ್ರಕೋಶ ತುಂಬಿದ್ದರೆ ಅದು ಕರುಳನ್ನು ಬದಿಗೆ ಸರಿಸಿ, ಗರ್ಭಕೋಶವನ್ನು ನೋಡಲು ನೀರಿನ ಕಿಟಕಿಯಾಗುತ್ತದೆ. ಉಪವಾಸವಿದ್ದರೆ ಪಿತ್ತಕೋಶ ಪಿತ್ತರಸದಿಂದ ತುಂಬಿ ನಿಂತು ಒಳಗಿನ ಕಲ್ಲನ್ನು ತೋರಿಸುತ್ತದೆ. ಉಂಡು ಹೋದರೆ ಅದು ಕುಗ್ಗಿರುತ್ತದೆ. ಹೊಟ್ಟೆಗೆ ತಣ್ಣಗಿನ ಜೆಲ್ಲಿ ಹಚ್ಚುವುದೂ ಇದೇ ಕಾರಣಕ್ಕೆ. ಚರ್ಮಕ್ಕೂ ಯಂತ್ರದ ಹಿಡಿಕೆಗೂ ನಡುವೆ ಎಳ್ಳಷ್ಟೂ ಗಾಳಿ ಉಳಿಯಬಾರದು.

ಆ ಹಿಡಿಕೆಯೊಳಗೆ ಇರುವುದು ವಿಶೇಷ ಪಿಂಗಾಣಿಯ ಸಣ್ಣ ಸಣ್ಣ ತುಣುಕುಗಳು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಪಿಯರೆ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕಂಡುಹಿಡಿದರು. ಅದರ ತಿರುಗುಮುರುಗೂ ನಿಜ: ವಿದ್ಯುತ್ ಹರಿಸಿದರೆ ಹರಳು ಕಂಪಿಸುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಈ ತುಣುಕುಗಳು ಸೆಕೆಂಡಿಗೆ ಸುಮಾರು 35 ಲಕ್ಷ ಸಲ ಕಂಪಿಸುವ ಧ್ವನಿಯನ್ನು ಒಂದು ಕ್ಷಣ ಕಳಿಸಿ ಸುಮ್ಮನಾಗುತ್ತವೆ. ಆಮೇಲೆ ಅವೇ ಕಿವಿಯಾಗಿ ಪ್ರತಿಧ್ವನಿಗೆ ಕಾಯುತ್ತವೆ. ದೇಹದ ಮೃದು ಭಾಗದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಒಂದು ಸೆಂಟಿಮೀಟರ್ ಆಳದಿಂದ ದನಿ ಮರಳಲು ಸೆಕೆಂಡಿನ ಹತ್ತು ಲಕ್ಷದ 13 ಭಾಗ ಹಿಡಿಯುತ್ತದೆ; ಹತ್ತು ಸೆಂಟಿಮೀಟರಿಗೆ ಅದರ ಹತ್ತರಷ್ಟು. ಯಂತ್ರ ಆ ಹೊತ್ತನ್ನು ಎಣಿಸಿ, ಪರದೆಯ ಮೇಲೆ ಆ ಆಳದಲ್ಲಿ ಒಂದು ಚುಕ್ಕೆ ಇಡುತ್ತದೆ. ಜೋರಾದ ಪ್ರತಿಧ್ವನಿಗೆ ಬಿಳಿ ಚುಕ್ಕೆ, ಕ್ಷೀಣವಾದದ್ದಕ್ಕೆ ಬೂದು, ಏನೂ ಮರಳದಿದ್ದರೆ ಕಪ್ಪು. ಇಂಥ ಸಾವಿರಾರು ಚುಕ್ಕೆಗಳು ಸೇರಿ ಚಿತ್ರ, ಸೆಕೆಂಡಿಗೆ ಹತ್ತಾರು ಚಿತ್ರಗಳು ಸೇರಿ ಮಿಸುಕುವ ಕೂಸು. ಬೆಳಕಿನ ಫೋಟೋ ಇದಲ್ಲ; ಕ್ಷಕಿರಣವೂ ಅಲ್ಲ. ಲೆಕ್ಕ ಹಾಕಿ ಬರೆದ ದನಿಯ ಚಿತ್ರ.

ಈ ಲೆಕ್ಕವನ್ನು ಹೆರಿಗೆ ವಾರ್ಡಿಗೆ ತಂದವರಲ್ಲಿ ಮೊದಲು ನೆನೆಯಬೇಕಾದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರಿಗೆ ರಾಡಾರ್, ಸೋನಾರ್‌ಗಳ ಪರಿಚಯವಿತ್ತು. ಬಾಯ್ಲರ್ ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕನ್ನು ಹುಡುಕಲು ಶ್ರವಣಾತೀತ ಧ್ವನಿಯನ್ನು ಬಳಸುತ್ತಿದ್ದರು. ಕಬ್ಬಿಣದ ಬಿರುಕು ಕಾಣುವುದಾದರೆ ಹೊಟ್ಟೆಯ ಗಡ್ಡೆ ಏಕೆ ಕಾಣಬಾರದು? 1955ರಲ್ಲಿ ಅವರು ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಅಂಥ ಒಂದು ಕಾರ್ಖಾನೆಗೇ ಹೋದರು. ನೀರು ತುಂಬಿದ ಗಡ್ಡೆಯ ಪ್ರತಿಧ್ವನಿ ಬೇರೆ, ಗಟ್ಟಿ ಗಡ್ಡೆಯದು ಬೇರೆ ಎಂಬುದು ಅಲ್ಲಿಯೇ ಕಂಡಿತು. ಮುಂದೆ ಒಬ್ಬ ಹೆಂಗಸಿಗೆ ಹೊಟ್ಟೆಯ ಕ್ಯಾನ್ಸರ್ ಆಗಿದೆ, ಶಸ್ತ್ರಕ್ರಿಯೆ ಸಾಧ್ಯವಿಲ್ಲ ಎಂದು ಕೈಚೆಲ್ಲಿದ್ದಾಗ, ಡೊನಾಲ್ಡ್ ಯಂತ್ರ ಇಟ್ಟು ನೋಡಿದರು. ಅದು ಕ್ಯಾನ್ಸರ್ ಆಗಿರಲಿಲ್ಲ. ಅಂಡಾಶಯದ ದೊಡ್ಡ ನೀರುಗಡ್ಡೆ. ತೆಗೆದರು, ಆಕೆ ಬದುಕಿದಳು. 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಅವರ ಲೇಖನ ಬಂದಮೇಲೆ ಲೋಕದ ವೈದ್ಯರು ಇತ್ತ ತಿರುಗಿದರು.

ವಿಜಯಪುರದ ಆ ಕತ್ತಲು ಕೋಣೆಯಲ್ಲಿ ವೈದ್ಯೆ ಹಿಡಿಕೆಯನ್ನು ಸರಿಸುತ್ತ ಒಂದೊಂದೇ ಅಳತೆ ಬರೆಸುತ್ತಿದ್ದರು. ತಲೆಯ ಅಗಲ, ಹೊಟ್ಟೆಯ ಸುತ್ತಳತೆ, ತೊಡೆಯ ಎಲುಬಿನ ಉದ್ದ. ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆಯ ಸಾಲು, ಎರಡು ಮೂತ್ರಪಿಂಡ, ಸುತ್ತಲಿನ ನೀರು. ಹದಿನೆಂಟರಿಂದ ಇಪ್ಪತ್ತೆರಡು ವಾರಗಳ ನಡುವಿನ ಈ ಸ್ಕ್ಯಾನಿಂಗ್ ಕೂಸಿನ ಅಂಗಾಂಗಗಳಲ್ಲಿ ದೊಡ್ಡ ದೋಷವಿದೆಯೇ ಎಂದು ನೋಡುವಂಥದ್ದು. ತಲೆಬುರುಡೆ ಬೆಳೆಯದಿರುವುದು, ಬೆನ್ನುಹುರಿ ತೆರೆದಿರುವುದು ಮೊದಲಾದವು ಇಲ್ಲಿ ತಿಳಿಯುತ್ತವೆ. ಹೃದಯದ ಕೆಲವು ದೋಷಗಳು ಮೊದಲೇ ಗೊತ್ತಾದರೆ ನವಜಾತ ಶಿಶುವಿನ ಚಿಕಿತ್ಸೆ ಸಿಗುವ ಕಡೆಯೇ ಹೆರಿಗೆ ಮಾಡಿಸಬಹುದು. ಎಲ್ಲವನ್ನೂ ನೋಡುತ್ತ ಬಂದ ವೈದ್ಯೆಯ ಕೈ ಒಂದು ಕಡೆ ನಿಂತಿತು. ಅದೇ ಹೊತ್ತಿಗೆ ಅತ್ತೆ ಬಹಳ ಹೊತ್ತಿನಿಂದ ಅದುಮಿಟ್ಟುಕೊಂಡಿದ್ದನ್ನು ಕೇಳಿಬಿಟ್ಟಳು.

“ಬಾಯಾರ, ಏನ್ ಕೂಸು ಐತ್ರಿ? ನಮಗಷ್ಟ ಹೇಳ್ರಿ, ಯಾರ ಮುಂದೂ ಅನ್ನಂಗಿಲ್ಲ.”

ವೈದ್ಯೆ ಪರದೆಯಿಂದ ಕಣ್ಣು ತೆಗೆಯದೆ ಗೋಡೆಯ ಫಲಕದ ಕಡೆ ಬೆರಳು ಮಾಡಿದರು. “ಅಮ್ಮಾರ, ಅದನ್ನ ನೀವು ಕೇಳಬಾರ್ದು, ನಾವು ಹೇಳಬಾರ್ದು. ಈಗ ಕೇಳಬೇಕಾದ್ದು ಬ್ಯಾರೆ ಐತಿ. ಮಾಸು ಕೆಳಗ ಕುಂತೈತಿ. ಅದರ ಸುದ್ದಿ ಕೇಳ್ರಿ.”

ಕೂಸಿಗೆ ತಾಯಿಯಿಂದ ಆಹಾರ, ಉಸಿರು ತಲುಪಿಸುವ ಮಾಸು ಸಾಮಾನ್ಯವಾಗಿ ಗರ್ಭಕೋಶದ ಮೇಲ್ಭಾಗದಲ್ಲಿ ಅಂಟಿರುತ್ತದೆ. ಅದು ಕೆಳಗೆ ಬಂದು ಗರ್ಭದ ಬಾಯಿಯನ್ನೇ ಮುಚ್ಚಿದ್ದರೆ, ಹೆರಿಗೆಯ ಹೊತ್ತಿಗೆ ಬಾಯಿ ತೆರೆದಂತೆ ಮಾಸು ಹರಿದು ರಕ್ತ ಹರಿಯತೊಡಗುತ್ತದೆ. ನೋವೇ ಇಲ್ಲದೆ, ಹೇಳದೆ ಕೇಳದೆ ಬರುವ ರಕ್ತಸ್ರಾವ ಅದು. ದೊಡ್ಡ ದವಾಖಾನೆ ದೂರವಿದ್ದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಇದು ತಿಳಿಯುತ್ತಿದ್ದುದೇ ರಕ್ತ ಕಂಡ ಮೇಲೆ. ಆದರೆ ಐದನೆಯ ತಿಂಗಳಲ್ಲಿ ಮಾಸು ಕೆಳಗೆ ಕಂಡ ಬಹುಪಾಲು ಬಸುರಿಯರಲ್ಲಿ ಗರ್ಭಕೋಶ ಹಿಗ್ಗಿದಂತೆ ಅದು ಮೇಲೆ ಸರಿಯುತ್ತದೆ. ಆದ್ದರಿಂದ ಹೆದರಬೇಕಿಲ್ಲ, ಆದರೆ ಎಂಟನೆಯ ತಿಂಗಳಲ್ಲಿ ಮತ್ತೊಮ್ಮೆ ನೋಡಲೇಬೇಕು; ನಡುವೆ ಒಂದು ಹನಿ ರಕ್ತ ಕಂಡರೂ ಕಾಯದೆ ಬರಬೇಕು ಎಂದು ವೈದ್ಯೆ ಬರೆದುಕೊಟ್ಟರು.

ಮರಳುವಾಗ ಬಸ್ಸಿನಲ್ಲಿ ಅತ್ತೆಗೆ ಸಿಟ್ಟೇ ಇತ್ತು. ಮಾಸಿನ ಸುದ್ದಿ ಹೇಳಿದವರು ಕೂಸಿನ ಸುದ್ದಿ ಹೇಳಿದ್ದರೆ ಏನಾಗುತ್ತಿತ್ತು? ಅವಳ ಪ್ರಶ್ನೆಗೆ ಉತ್ತರ ಒಂದು ಮನೆಯ ಲೆಕ್ಕದಲ್ಲಿ ಸಿಗುವುದಿಲ್ಲ, ಜನಗಣತಿಯ ಲೆಕ್ಕದಲ್ಲಿ ಸಿಗುತ್ತದೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946ಕ್ಕೆ ಇಳಿದರು, 2011ರಲ್ಲಿ 948. ವಿಜಯಪುರ ಜಿಲ್ಲೆಯಲ್ಲಿ 2011ರ ಸಂಖ್ಯೆ 931, ಎಂದರೆ ರಾಜ್ಯದ ಸರಾಸರಿಗಿಂತಲೂ ಕೆಳಗೆ. ಹುಟ್ಟಬೇಕಾದ ಮಕ್ಕಳು ಹುಟ್ಟದೆ ಹೋದ ಗುರುತು ಈ ಅಂಕಿಗಳಲ್ಲಿದೆ. 2015ರ ಜನವರಿ 22ರಂದು ಪಾಣಿಪತ್‌ನಲ್ಲಿ ‘ಬೇಟಿ ಬಚಾವೊ ಬೇಟಿ ಪಢಾವೊ’ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿಕೊಂಡ ನೂರು ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರವೂ ಇತ್ತು. ಹೆಮ್ಮೆಪಡುವ ಪಟ್ಟಿಯಲ್ಲ ಅದು.

ಕಾನೂನು ಅದಕ್ಕೂ ಮೊದಲೇ ಬಂದಿತ್ತು. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿ ಆಗಿ, 1996ರ ಜನವರಿ 1ರಿಂದ ಜಾರಿಯಾಯಿತು. 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಪ್ರತಿಯೊಂದು ಯಂತ್ರವೂ ನೋಂದಣಿಯಾಗಬೇಕು, ಪ್ರತಿ ಬಸುರಿಯ ಸ್ಕ್ಯಾನಿಂಗಿಗೂ ನಮೂನೆ ತುಂಬಬೇಕು, ಲಿಂಗ ತಿಳಿಸುವುದಿಲ್ಲ ಎಂಬ ಫಲಕ ಎಲ್ಲರಿಗೂ ಕಾಣುವಂತೆ ಇರಬೇಕು. ಮಾತಿನಿಂದಾಗಲಿ, ಸನ್ನೆಯಿಂದಾಗಲಿ ಲಿಂಗ ಹೇಳಿದ ವೈದ್ಯರಿಗೆ ಮೂರು ವರ್ಷದವರೆಗೆ ಸೆರೆವಾಸ. ಹೇಳಿರೆಂದು ಕೇಳಿಕೊಂಡ ಗಂಡ, ಬಂಧುಗಳಿಗೂ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ. ಬಸುರಿ ಹೆಂಗಸನ್ನು ಮಾತ್ರ, ಮನೆಯವರ ಒತ್ತಾಯಕ್ಕೆ ಸಿಕ್ಕವಳೆಂದೇ ಕಾನೂನು ಮೊದಲು ಭಾವಿಸುತ್ತದೆ. ಮನೆಯೊಳಗಿನ ಸಂಕಟವನ್ನು ಅರಿತು ಬರೆದ ಮಾತು ಇದು.

ಅಂದು ರಾತ್ರಿ ಆ ಮನೆಯ ಹುಡುಗಿ ಜೀವಶಾಸ್ತ್ರದ ಪುಸ್ತಕ ತೆರೆದು ತಾಯಿಗೆ ಒಂದು ಪುಟ ಓದಿ ಹೇಳಿದಳು. ತಾಯಿಯ ಅಂಡದಲ್ಲಿ ಇರುವುದು ಯಾವಾಗಲೂ ಎಕ್ಸ್ ವರ್ಣತಂತು; ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇರಬಹುದು ಅಥವಾ ವೈ ಇರಬಹುದು. ಕೂಸು ಹೆಣ್ಣೋ ಗಂಡೋ ಎಂಬುದು ಗೊತ್ತಾಗುವುದು ತಂದೆಯಿಂದ ಬಂದದ್ದರ ಮೇಲೆ. “ಹಂಗಾದ್ರ ವೈನಿನ್ನ ಯಾಕ ಅನ್ನೂದು, ಯವ್ವಾ? ನಾ ಹುಟ್ಟಿದಾಗ ನಿನಗ ಎಷ್ಟ ಮಂದಿ ಅಂದಿದ್ರು?” ತಾಯಿ ಉತ್ತರ ಕೊಡಲಿಲ್ಲ. ಅಂದಿದ್ದವರ ಹೆಸರುಗಳು ಅವಳಿಗೆ ಇನ್ನೂ ನೆನಪಿದ್ದವು.

ಏಳನೆಯ ತಿಂಗಳಲ್ಲಿ ಕುಬಸವಾಯಿತು. ಪದ್ಧತಿಯಂತೆ ಸೊಸೆ ತವರಿಗೆ ಹೋಗಬೇಕು. ಮೊದಲ ಬಾಣಂತನ ತವರಿನದೇ ಎಂದು ಬಬಲೇಶ್ವರ ಕಡೆಯ ಬೀಗರು ಎಲ್ಲ ಸಿದ್ಧ ಮಾಡಿಕೊಂಡಿದ್ದರು. ಮೊದಲಾಗಿದ್ದರೆ ಅತ್ತೆ ಅಡ್ಡಿ ಹೇಳುತ್ತಿರಲಿಲ್ಲ. ಈ ಸಲ ಅವಳೇ, “ಎಂಟರಾಗ ಒಮ್ಮಿ ತೋರಿಸಬೇಕ್ರಿ ಬೀಗ್ತಿ, ಮಾಸು ಮ್ಯಾಲ ಹೋತೋ ಇಲ್ಲೋ ನೋಡಬೇಕು” ಎಂದಳು. ಮಾರ್ಚ್ ತಿಂಗಳು. ಮಗಳಿಗೆ ಪರೀಕ್ಷೆ, ತೋಟದಲ್ಲಿ ಕೊಯ್ಲು. ಆದರೂ ಮಗ ಒಂದು ದಿನ ಬಿಡುವು ಮಾಡಿಕೊಂಡು ಹೆಂಡತಿಯನ್ನು ಕರೆದೊಯ್ದ. ಮಾಸು ಮೇಲೆ ಸರಿದಿರಲಿಲ್ಲ. ಸಹಜ ಹೆರಿಗೆಗೆ ಬಿಡುವಂತಿಲ್ಲ, ನೋವು ಬರುವುದಕ್ಕೆ ಮೊದಲೇ ಶಸ್ತ್ರಕ್ರಿಯೆ ಆಗಬೇಕು, ರಕ್ತ ಸಿದ್ಧವಿರಬೇಕು ಎಂದರು. ಸೊಸೆ ವಿಜಯಪುರದಲ್ಲೇ ಸಂಬಂಧಿಕರ ಮನೆಯಲ್ಲಿ ಉಳಿದಳು. ಏಪ್ರಿಲ್ ಮೂರನೆಯ ವಾರ ನಿಗದಿಯಾದ ದಿನ ಶಸ್ತ್ರಕ್ರಿಯೆ ಆಯಿತು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಹೆಣ್ಣು ಕೂಸು. ತಾಯಿ, ಮಗಳು ಇಬ್ಬರೂ ಗಟ್ಟಿ. ಹಳ್ಳಿಯಲ್ಲಿದ್ದು ನಡುರಾತ್ರಿ ರಕ್ತ ಹೋಗಿದ್ದರೆ ವಾಹನ ಹುಡುಕಿ, ಊರು ಮುಟ್ಟಿ, ರಕ್ತ ಹೊಂದಿಸುವ ಹೊತ್ತಿಗೆ ಏನಾಗುತ್ತಿತ್ತು ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಸ್ಕ್ಯಾನಿಂಗ್ ಎಂದರೆ ಬಸುರಿಯರದು ಎಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಆ ಪಡಸಾಲೆಯಲ್ಲಿ ಕುಳಿತವರಲ್ಲಿ ಎಲ್ಲ ವಯಸ್ಸಿನವರೂ ಇರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಹೊಲ ತೋಟದಲ್ಲಿ ದುಡಿಯುವವರು ಬೆವರಿದಷ್ಟು ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟಬಹುದು. ಮೂತ್ರಪಿಂಡದ ಕಲ್ಲು ಪರದೆಯ ಮೇಲೆ ಬಿಳಿ ಚುಕ್ಕೆಯಾಗಿ, ಅದರ ಹಿಂದೆ ಕಪ್ಪು ನೆರಳಾಗಿ ಕಾಣುತ್ತದೆ. ದನಿ ಕಲ್ಲನ್ನು ದಾಟಿ ಹೋಗಲಾರದೆ ಬೀಳುವ ನೆರಳು ಅದು. ಡೆಂಗಿ ಜ್ವರ ತೀವ್ರವಾದಾಗ ಹೊಟ್ಟೆ, ಎದೆಗೂಡಿನಲ್ಲಿ ಸೇರುವ ನೀರು ತಿಳಿಯುತ್ತದೆ. ಹೆದ್ದಾರಿಯ ಅಪಘಾತದಲ್ಲಿ ಹೊರಗೆ ಗಾಯವಿಲ್ಲದಿದ್ದರೂ ಒಳಗೆ ರಕ್ತ ಸೋರುತ್ತಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡಬಹುದು. ಗಂಟಲ ಮುಂದಿನ ಥೈರಾಯ್ಡ್ ಗ್ರಂಥಿ, ಸ್ತನದ ಗಂಟು, ಯಕೃತ್ತು ಇವುಗಳಿಂದ ತುಣುಕು ತೆಗೆಯುವ ಸೂಜಿಗೆ ದಾರಿ ತೋರಿಸುವುದೂ ಇದೇ ಯಂತ್ರ.

ಹೃದಯದ ಸ್ಕ್ಯಾನಿಂಗಿಗೆ ಜನ ‘ಎಕೋ’ ಎನ್ನುತ್ತಾರೆ. ಆ ಪದದ ಅರ್ಥವೇ ಪ್ರತಿಧ್ವನಿ. ಸ್ವೀಡನ್ನಿನ ಲುಂಡ್ ಎಂಬಲ್ಲಿ 1953ರಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಮೊದಲು ಇದನ್ನು ಮಾಡಿ ನೋಡಿದಾಗ ಯಂತ್ರ ಸಿಕ್ಕಿದ್ದು ಹಡಗು ಕಟ್ಟುವ ಕಾರ್ಖಾನೆಯಿಂದ. ಗಂಟಲು ನೋವಿನ ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಗದ ಶಾಲಾ ವಯಸ್ಸಿನ ಮಕ್ಕಳಲ್ಲಿ ಕೆಲವರಿಗೆ ಮುಂದೆ ಕೀಲು ಬಾವಿನ ಜ್ವರ ಬಂದು ಹೃದಯದ ಕವಾಟಗಳು ಕೆಡುತ್ತವೆ. ಕವಾಟ ಎಷ್ಟು ತೆರೆಯುತ್ತಿದೆ, ಎಷ್ಟು ಸೋರುತ್ತಿದೆ ಎಂದು ಎಕೋ ಹೇಳುತ್ತದೆ. ಅದಕ್ಕೆ ನೆರವಾಗುವುದು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ತತ್ತ್ವ. ಸಿಳ್ಳೆ ಹಾಕುತ್ತ ಬರುವ ರೈಲಿನ ದನಿ ಹತ್ತಿರ ಬರುವಾಗ ತೀಕ್ಷ್ಣವಾಗಿ, ದಾಟಿದ ಮೇಲೆ ಮಂದ್ರವಾಗಿ ಕೇಳುವಂತೆ, ಹರಿಯುವ ರಕ್ತದಿಂದ ಮರಳುವ ದನಿಯೂ ಬದಲಾಗುತ್ತದೆ. ಅದರಿಂದ ರಕ್ತದ ವೇಗ, ದಿಕ್ಕು ತಿಳಿಯುತ್ತದೆ.

ಅವಧಿಗೆ ಮೊದಲೇ ಹುಟ್ಟಿದ ಕೂಸಿನ ಮಿದುಳಿನಲ್ಲಿ ರಕ್ತ ಸೋರಿದೆಯೇ ಎಂದು ನೋಡಲು ನೆತ್ತಿಯ ಮೆದು ಭಾಗವೇ ಕಿಟಕಿ. ನೆತ್ತಿ ಗಟ್ಟಿಯಾದ ಮೇಲೆ ಆ ಕಿಟಕಿ ಮುಚ್ಚುತ್ತದೆ. ಎಲುಬು ದನಿಯನ್ನು ತಡೆಯುತ್ತದೆ. ಮನೆಯ ಅಜ್ಜಿಯ ಕಣ್ಣಿನ ಪೊರೆ ತೆಗೆಯುವಾಗಲೂ ಶ್ರವಣಾತೀತ ಕಂಪನವೇ ಪೊರೆಯನ್ನು ಪುಡಿ ಮಾಡುತ್ತದೆ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಆರಂಭಿಸಿದ ವಿಧಾನವಿದು. ಹೀಗೆ ಒಂದೇ ದನಿ ಮೊಮ್ಮಗುವಿನ ನೆತ್ತಿಯಿಂದ ಅಜ್ಜಿಯ ಕಣ್ಣಿನವರೆಗೆ ಕೆಲಸ ಮಾಡುತ್ತದೆ.

ಆದರೂ ಎಲ್ಲಾ ತಿಳಿಯುತ್ತದೆ ಎಂಬ ಬಸ್ಸಿನ ಮಾತು ನಿಜವಲ್ಲ. ಎಲುಬಿನ ಒಳಗೆ, ಗಾಳಿಯ ಹಿಂದೆ ಈ ದನಿ ಕುರುಡು. ಮೂತ್ರನಾಳದ ಸಣ್ಣ ಕಲ್ಲು ತಪ್ಪಿಸಿಕೊಳ್ಳಬಹುದು, ಅದಕ್ಕೆ ಸಿ.ಟಿ. ಬೇಕಾಗುತ್ತದೆ. ಕೂಸಿನ ಎಲ್ಲ ದೋಷಗಳೂ ಕಾಣುವುದಿಲ್ಲ. ವರದಿ ಸರಿಯಿದೆ ಎಂದರೆ ನೋಡಿದ್ದರಲ್ಲಿ ದೋಷ ಕಾಣಲಿಲ್ಲ ಎಂದಷ್ಟೇ ಅರ್ಥ. ಹಿಡಿಕೆ ಹಿಡಿದ ಕೈಯ ಅನುಭವ ಇಲ್ಲಿ ಬಹಳ ಮುಖ್ಯ. ಕ್ಷಕಿರಣದ ಅಪಾಯ ಇದರಲ್ಲಿಲ್ಲ, ಆದರೆ ಬಲವಾದ ಧ್ವನಿ ಅಂಗಾಂಶವನ್ನು ಬಿಸಿ ಮಾಡಬಲ್ಲದು. ಆದ್ದರಿಂದ ಕೂಸಿನ ಮುಖ ನೋಡುವ ಆಸೆಗೆ ಮಾಡಿಸುವಂಥದ್ದಲ್ಲ, ಅಗತ್ಯವಿದ್ದಾಗ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದು, ಪ್ರತಿ ಬಸುರಿಗೂ 24 ವಾರಗಳೊಳಗೆ ಒಂದಾದರೂ ಸ್ಕ್ಯಾನಿಂಗ್ ಆಗಬೇಕು ಎಂದು. ಮಿಕ್ಕವನ್ನು ವೈದ್ಯರು ಕಾರಣ ನೋಡಿ ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಇದು ಉಚಿತ. ಪ್ರತಿ ತಿಂಗಳ 9ರಂದು ನಡೆಯುವ ಬಸುರಿಯರ ವಿಶೇಷ ತಪಾಸಣೆಯ ದಿನವನ್ನು ತಂದೆ ತಾಯಂದಿರು, ಅತ್ತೆ ಮಾವಂದಿರು ನೆನಪಿಟ್ಟುಕೊಳ್ಳಬೇಕು.

ಕೋಣೆಯಿಂದ ಹೊರಬರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ದಿನ ತುಂಬುವುದು ಯಾವಾಗ? ಕೂಸು ತಿಂಗಳಿಗೆ ತಕ್ಕಂತೆ ಬೆಳೆದಿದೆಯೇ? ಮಾಸು ಎಲ್ಲಿದೆ? ನೀರು ಸಾಕಷ್ಟಿದೆಯೇ? ಮತ್ತೆ ಯಾವಾಗ ಬರಬೇಕು, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು? ಈ ಐದಕ್ಕೆ ಉತ್ತರ ಸಿಕ್ಕರೆ ಸ್ಕ್ಯಾನಿಂಗಿಗೆ ಹೋದದ್ದು ಸಾರ್ಥಕ. ವರದಿಯನ್ನು ತಾಯಿ ಕಾರ್ಡಿನ ಜೊತೆಗೆ ಒಂದೇ ಫೈಲಿನಲ್ಲಿಡಬೇಕು; ಜೊತೆಗೆ ಕೊಡುವ ಹೊಳಪು ಕಾಗದದ ಚಿತ್ರ ಬಿಸಿಲು, ಶಾಖಕ್ಕೆ ಮಸುಕಾಗುತ್ತದೆ, ಆದ್ದರಿಂದ ಜೆರಾಕ್ಸ್ ತೆಗೆದಿಡುವುದು ಒಳ್ಳೆಯದು. ತಿಕೋಟಾ ಕಡೆಯ ಆ ಮನೆಯಲ್ಲಿ ಸೊಸೆಯ ಫೈಲು ಇರುವುದು ಅತ್ತೆಯ ಟ್ರಂಕಿನಲ್ಲಿ, ಹೊಲದ ಉತಾರದ ಮೇಲೆ. ಓಣಿಯಲ್ಲಿ ಯಾರಾದರೂ ಬಸುರಿಯನ್ನು ಕರೆದುಕೊಂಡು ಸ್ಕ್ಯಾನಿಂಗಿಗೆ ಹೊರಟರೆ ಅವಳು ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಕೂಗಿ ಹೇಳುತ್ತಾಳೆ: “ಮಾಸು ಎಲ್ಲಿ ಐತಿ ಕೇಳಿಕೊಂಡ ಬರ್ರಿ, ಮರೀಬ್ಯಾಡ್ರಿ.”